ಮೈಕಮ್ಮ ಓದುವ ರೋಗಿಗಳ ಪಟ್ಟಿ

ಊರಿನವರಿಗೆಲ್ಲ ಅವಳು ಮೈಕಮ್ಮ. ಹೆತ್ತವರು ಇಟ್ಟ ಹೆಸರು ಎಲ್ಲೋ ಸಂಬಳದ ಚೀಟಿಯಲ್ಲಿ ಇದ್ದಿರಬಹುದು, ಆದರೆ ಆ ಹೆಸರು ಹಿಡಿದು ಕರೆದವರನ್ನು ಯಾರೂ ಕಂಡಿಲ್ಲ. ಇಪ್ಪತ್ತಾರು ವರ್ಷದಿಂದ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕುಳಿತು ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ, ಯಾವುದು ತಡ, ಯಾವುದು ರದ್ದು ಎಂದು ಸಾರುವುದು ಅವಳ ಕೆಲಸ. ಒಂದು ಮೇಜು, ಒಂದು ಮೈಕು, ಕೂತರೆ ಒಂದು ಕಡೆ ವಾಲುವ ಕುರ್ಚಿ, ತಿರುಗಿದ್ದಕ್ಕಿಂತ ಗೊಣಗಿದ್ದೇ ಹೆಚ್ಚಾದ ಫ್ಯಾನು. ಗಾಜಿನಲ್ಲಿ ಅಂಗೈಯಗಲದ ಕಂಡಿ. ಕಂಟ್ರೋಲರ್ ಅದರಲ್ಲಿ ಚೀಟಿ ತೂರಿಸುತ್ತಾನೆ, ಇವಳು ಓದುತ್ತಾಳೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಚೀಟಿಯಲ್ಲಿ ಪ್ಲಾಟ್‌ಫಾರ್ಮ್ ನಂಬರು ತಪ್ಪಿದೆ ಎಂದು ತಾನೇ ತಿದ್ದಿ ಓದಿದ್ದಳು. ಚೀಟಿ ಸರಿಯಾಗಿಯೇ ಇತ್ತು. ಮಕ್ಕಳು ಮರಿ ಗಂಟುಮೂಟೆ ಸಮೇತ ಅರವತ್ತು ಜನ ಒಂದು ಮೂಲೆಯಲ್ಲಿ ನಿಂತಿದ್ದರು, ಬಸ್ಸು ಇನ್ನೊಂದು ಮೂಲೆಯಿಂದ ಖಾಲಿ ಹೊರಟುಹೋಯಿತು. ಅವತ್ತು ತಿಂದ ಬೈಗುಳ ಇವತ್ತಿಗೂ ಜೀರ್ಣವಾಗಿಲ್ಲ. ಅಂದಿನಿಂದ ಕೈಗೆ ಬಂದ ಚೀಟಿಯನ್ನು ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ಇದ್ದದ್ದು ಇದ್ದ ಹಾಗೆ ಓದುವುದು ಅಭ್ಯಾಸವಾಯಿತು. ಕಣ್ಣು ಕಂಡದ್ದನ್ನು ಬಾಯಿ ಹೇಳುತ್ತದೆ, ತಲೆ ಅದರ ಪಾಡಿಗೆ ಸಾಯಂಕಾಲದ ತರಕಾರಿ ಯೋಚಿಸುತ್ತಿರುತ್ತದೆ.

ಗಂಡನಿಗೆ ಕನ್ನಡಕದ ಅಂಗಡಿ. ಊರಿನವರ ಕಣ್ಣು ಸರಿಮಾಡುವ ಈ ಮನುಷ್ಯನಿಗೆ ಮನೆಯಲ್ಲಿ ಕಾಲ ಬುಡದಲ್ಲೇ ಇರುವ ಚಪ್ಪಲಿ ಕಾಣುವುದಿಲ್ಲ ಎಂದು ಅವಳು ತಮಾಷೆ ಮಾಡುತ್ತಿದ್ದಳು. ಕೆಟ್ಟವರಲ್ಲ. ಯಾರ ಮನಸ್ಸನ್ನೂ ನೋಯಿಸದವರು, ಅಂದರೆ ಯಾರಿಗೂ ಇಲ್ಲ ಎನ್ನಲು ಬಾರದವರು. ಹಾಗಾಗಿಯೇ ಚರ್ಚಿನ ಸಭೆಗೆ ಹನ್ನೊಂದು ವರ್ಷದಿಂದ ಅವರೇ ಕಾರ್ಯದರ್ಶಿ. ಮುಂದಿನ ಸಾಲಿನ ಪಕ್ಕ, ಗೋಡೆಗೆ ಒತ್ತಿಟ್ಟ ಆಂಪ್ಲಿಫೈಯರ್ ಅವರ ಸುಪರ್ದಿಗೆ ಸೇರಿದ್ದು. ಅದರ ಸ್ವಿಚ್ಚು ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ಬಾಯಿ ಇದ್ದವಳಿಗೆ ಚರ್ಚಿನಲ್ಲೂ ಬಾಯಿಯ ಕೆಲಸವೇ ಸಿಕ್ಕಿತ್ತು. ಪ್ರತಿ ಭಾನುವಾರ ಪಾದ್ರಿಯ ಉಪದೇಶ, ಅಂದರೆ ಪ್ರಸಂಗ, ಮುಗಿದ ಮೇಲೆ ರೋಗಿಗಳ ಪಟ್ಟಿ ಓದುವವಳು ಅವಳು. ಶನಿವಾರ ಸಂಜೆ ಜನ ಮನೆಬಾಗಿಲಿಗೆ ಬಂದು, ನಮ್ಮತ್ತೆಗೆ ಜ್ವರ ಇಳಿದಿಲ್ಲ, ನಮ್ಮ ಮಗುವಿಗೆ ಆಪರೇಷನ್ ಇದೆ ಎಂದು ಬರೆಸುತ್ತಿದ್ದರು. ಅವಳು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡು ಮರುದಿನ ಒಂದೊಂದೇ ಹೆಸರು ಓದುವಳು. ಪ್ರತಿ ಹೆಸರಿನ ನಂತರ ಒಂದು ಉಸಿರಿನಷ್ಟು ಬಿಡುವು. ಆಗ ಇಡೀ ಸಭೆ ‘ಕರ್ತನೇ, ಕರುಣಿಸು’ ಎನ್ನಬೇಕು. ಗೋಪುರದ ಮೇಲೆ ಸುತ್ತಣ ನಾಲ್ಕು ಬೀದಿಗೆ ಕೇಳುವ ಲೌಡ್‌ಸ್ಪೀಕರ್ ಇತ್ತು. ಹಾಸಿಗೆ ಬಿಟ್ಟು ಏಳಲಾಗದವರು ಕಿಟಕಿ ತೆರೆಸಿಕೊಂಡು ತಮ್ಮ ಹೆಸರಿಗಾಗಿ ಕಾಯುತ್ತಿದ್ದರು. ಔಷಧಿ ಡಾಕ್ಟರು ಕೊಡುತ್ತಾರೆ, ಆದರೆ ಮುನ್ನೂರು ಜನ ನಮ್ಮ ಹೆಸರು ಕೇಳಿ ಒಮ್ಮೆ ದೇವರ ಕಡೆ ತಿರುಗಿದರು ಎನ್ನುವುದನ್ನು ಯಾವ ಡಾಕ್ಟರು ಬರೆದುಕೊಟ್ಟಾನು?

ನಾಲ್ಕು ತಿಂಗಳಿಂದ ಆ ಪಟ್ಟಿಯಲ್ಲಿ ಅವಳ ಒಡಹುಟ್ಟಿದ ತಂಗಿಯ ಹೆಸರೂ ಇತ್ತು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಚರ್ಚಿನ ಹಿಂದಿನ ಬೀದಿಯಲ್ಲೇ ಮನೆ. ತಂಗಿಯ ಗಂಡ ಬಸ್ ಡ್ರೈವರ್. ಭಾನುವಾರ ಬೆಳಗ್ಗೆ ಅವನೇ ಅವಳ ಮುಖ ತೊಳೆಸಿ, ತಲೆ ಬಾಚಿ, ಎತ್ತಿ ತಂದು ಕಿಟಕಿಯ ಪಕ್ಕ ಕೂರಿಸುವನು. ತನ್ನ ಹೆಸರು ಬಂದೊಡನೆ ತಂಗಿ ಕಣ್ಣು ಮುಚ್ಚಿ ಒಂದು ನಿಟ್ಟುಸಿರು ಬಿಟ್ಟು, ಅಕ್ಕನ ದನಿ ಇವತ್ತು ಸ್ವಲ್ಪ ಕಟ್ಟಿದೆ, ಬಿಸಿನೀರು ಕುಡಿಯಲಿ ಎನ್ನುವಳಂತೆ.

ಇಂಥದ್ದರ ನಡುವೆ ಚುನಾವಣೆ ಬಂತು. ಬರಲಿ, ಅದರ ಪಾಡಿಗೆ ಬಂದು ಹೋಗುತ್ತಿತ್ತು. ಆದರೆ ಈ ಸಲ ಸಭೆಯವನೇ ಆದ ಒಬ್ಬ ಕಂಟ್ರಾಕ್ಟರ್ ನಿಂತಿದ್ದ. ಐದು ವರ್ಷದಲ್ಲಿ ಐದು ಸಲ ಚರ್ಚಿನ ಮೆಟ್ಟಿಲು ಹತ್ತದವನು ಈಗ ಪ್ರತಿವಾರ ಮೊದಲ ಸಾಲಿನಲ್ಲಿ, ಕೈಮುಗಿದು, ಕಣ್ಣು ಮುಚ್ಚಿ! ಚರ್ಚಿನ ಸೋರುವ ಚಾವಣಿಯನ್ನು ಗೆದ್ದ ತಿಂಗಳಲ್ಲೇ ಹೊಸದು ಮಾಡಿಸುತ್ತೇನೆ ಎಂದಿದ್ದ. ಅಷ್ಟಕ್ಕೇ ಚರ್ಚಿನ ಪಾದ್ರಿ ಅಯ್ಯನವರು ಕರಗಿ ನೀರಾಗಿದ್ದರು. ಪ್ರಸಂಗ ಎಲ್ಲಿಂದ ಶುರುವಾದರೂ ‘ನಮ್ಮವರು ಅಧಿಕಾರದಲ್ಲಿರಬೇಕು’ ಎನ್ನುವಲ್ಲಿಗೇ ಬಂದು ನಿಲ್ಲುತ್ತಿತ್ತು. ಅದೇ ಕಂಟ್ರಾಕ್ಟರ್ ಬಸ್ ಡಿಪೋದ ಜಾಗದಲ್ಲಿ ದೊಡ್ಡ ಮಳಿಗೆ ಕಟ್ಟಿಸಲು ಹೊಂಚುಹಾಕಿದ್ದ. ಅದರಿಂದ ಡ್ರೈವರುಗಳ ಸಂಘ ಅವನ ವಿರುದ್ಧ ನಿಂತಿತು. ಡಿಪೋ ಗೇಟಿನಲ್ಲಿ ಕರಪತ್ರ ಹಂಚುತ್ತಿದ್ದವರಲ್ಲಿ ತಂಗಿಯ ಗಂಡನೂ ಒಬ್ಬ.

ಆ ಭಾನುವಾರ ಪ್ರಸಂಗ ಮುಗಿದು ಮೈಕಮ್ಮ ನೋಟ್‌ಬುಕ್ ಹಿಡಿದು ಎದ್ದಾಗ ಗಂಡ ಪಕ್ಕದಿಂದ ಒಂದು ಟೈಪ್ ಮಾಡಿದ ಹಾಳೆ ಚಾಚಿದರು. ಇನ್ನುಮೇಲೆ ಪಟ್ಟಿಯನ್ನು ಆಫೀಸಿನಲ್ಲೇ ಟೈಪ್ ಮಾಡಿಸುತ್ತಾರೆ, ಓದಲು ಸಲೀಸು ಎಂದರು. ಕೈಗೆ ಚೀಟಿ ಬಂತಲ್ಲ, ಅವಳು ಓದಿದಳು. ಹೆಸರು, ಬಿಡುವು, ಹೆಸರು, ಬಿಡುವು. ಕೊನೆಗೆ, ಬರುವ ಚುನಾವಣೆಯಲ್ಲಿ ನಮ್ಮೆಲ್ಲರ ದನಿಯಾಗಲಿರುವ ಸಭೆಯ ಹೆಮ್ಮೆಯ ಪುತ್ರರ ವಿಜಯಕ್ಕಾಗಿ ಎಂದು ಕಂಟ್ರಾಕ್ಟರನ ಹೆಸರನ್ನೂ ಅದೇ ದನಿಯಲ್ಲಿ, ಅಷ್ಟೇ ಸ್ಪಷ್ಟವಾಗಿ ಓದಿಬಿಟ್ಟಳು. ‘ಕರ್ತನೇ, ಕರುಣಿಸು’ ಎಂದು ಸಭೆ ಸೂರು ಹಾರುವ ಹಾಗೆ ಕೂಗಿತು. ಬಂದು ಕುಳಿತ ಮೇಲೆ, ಏನೋ ಬಿಟ್ಟುಹೋಯಿತಲ್ಲ ಎನಿಸಿತು. ಹಾಳೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ತಂಗಿಯ ಹೆಸರೇ ಇರಲಿಲ್ಲ.

ಆಶೀರ್ವಾದ ಮುಗಿಯುವುದನ್ನೂ ಕಾಯದೆ ಹಿಂದಿನ ಬೀದಿಗೆ ಓಡಿದಳು. ತಂಗಿ ಇನ್ನೂ ಕಿಟಕಿಯ ಪಕ್ಕದಲ್ಲೇ ಇದ್ದಳು.

“ಕಿವಿ ಕೊಟ್ಕೊಂಡೇ ಕೂತಿದ್ದೆ ಅಕ್ಕ,” ಎಂದಳು. “ನನ್ನ ಹೆಸರು ಬರಲೇ ಇಲ್ಲ. ನಾನು ಆಗಲೇ ಹೋಗ್ಬಿಟ್ಟೆ ಅಂತ ಯಾರಾದ್ರೂ ಹೇಳಿದ್ರಾ?”

ಅವಳು ತಮಾಷೆಗೆ ಹೇಳಿರಲಿಲ್ಲ. ನಿಜವಾಗಿ ಹೆದರಿದ್ದಳು. ಹಾಳೆ ಬದಲಾಯ್ತು ಕಣೆ, ನನಗೆ ಗೊತ್ತಾಗಲಿಲ್ಲ ಎಂದು ಮೈಕಮ್ಮ ತೊದಲಿದಳು. ಹೊರಡುವಾಗ ಡ್ರೈವರ್ ಬಾಗಿಲವರೆಗೆ ಬಂದು, ದನಿ ತಗ್ಗಿಸಿ, ತಾನು ನಾಳೆಯಿಂದ ಗೇಟಿಗೆ ಹೋಗುವುದಿಲ್ಲ, ಕರಪತ್ರ ಮುಟ್ಟುವುದಿಲ್ಲ, ಅವಳ ಹೆಸರೊಂದು ಓದಿಸಿ ಎಂದ. ಯಾವ ಮೇಲಧಿಕಾರಿಗೂ ತಲೆಬಾಗದ ಮನುಷ್ಯ ಹೆಂಡತಿಯ ಒಂದು ಹೆಸರಿಗಾಗಿ ಹೊಸ್ತಿಲಲ್ಲಿ ಹೀಗೆ ಕುಗ್ಗಿ ನಿಂತಿದ್ದು ನೋಡಿ ಮೈಕಮ್ಮನಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಏನೂ ನಿಲ್ಲಿಸಬೇಡ, ಸುಮ್ಮನಿರು ಎಂದು ಗದರಿ ಬಂದಳು.

ಮನೆಯಲ್ಲಿ ಗಂಡ ಊಟಕ್ಕೆ ಕಾಯುತ್ತಿದ್ದರು. ಅವಳು ಹಾಳೆಯನ್ನು ತಟ್ಟೆಯ ಮೇಲಿಟ್ಟಳು. ಯಜಮಾನರಿಗೆ ಎಲ್ಲ ಗೊತ್ತಿತ್ತು. ಸಮಿತಿಯಲ್ಲಿ ತೀರ್ಮಾನವಾಗಿತ್ತು, ಬರೆದುಕೊಂಡವರೇ ಅವರು. ನಿಮ್ಮ ಷಡ್ಡಕ ಬೀದಿಯಲ್ಲಿ ನಿಂತು ಸಭೆಯ ಮಾನ ಕಳೆಯುತ್ತಿರುವಾಗ ಅವನ ಮನೆಗೆ ಸಭೆ ಹೇಗೆ ಪ್ರಾರ್ಥಿಸೋದು ಅಂತ ಅಯ್ಯನವರು ಕೇಳಿದರು, ನಾನೇನು ಹೇಳಲಿ ಎಂದರು. ಮೂರೇ ಮೂರು ವಾರ, ಮತ ಎಣಿಕೆ ಮುಗಿದರೆ ಹೆಸರು ತಾನಾಗಿ ವಾಪಸು ಬರುತ್ತೆ ಎಂದರು. ಚಾವಣಿಯ ಮಾತನ್ನೂ ಎತ್ತಿದರು.

“ಕರಪತ್ರ ಹಂಚಿದವನು ಅವನು. ಹಾಸಿಗೆ ಹಿಡಿದವಳು ಇವಳು,” ಎಂದಳು ಮೈಕಮ್ಮ. “ನಿಮ್ಮನ್ನ ಭಾವ ಭಾವ ಅಂತ ಬಾಯಿ ತುಂಬ ಕರೀತಾಳಲ್ಲ, ಅವಳ ಹೆಸರು ಹೊಡೆದುಹಾಕೋವಾಗ ನಿಮ್ಮ ಕೈ ನಡುಗಲಿಲ್ವಾ?”

ಅವರು ಕನ್ನಡಕ ತೆಗೆದು ಒರೆಸಿದರು. ಅವತ್ತು ಆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಬುಧವಾರ ಮಧ್ಯಾಹ್ನ ಅವಳು ಅರ್ಧ ದಿನ ರಜೆ ಹಾಕಿ ಅಯ್ಯನವರ ಆಫೀಸಿಗೆ ಹೋದಳು. ಗೋಡೆಯಲ್ಲಿ ಕಂಟ್ರಾಕ್ಟರನ ಹಲ್ಲು ಕಿರಿದ ಕ್ಯಾಲೆಂಡರು, ಮೇಜಿನ ಮೇಲೆ ಅವನೇ ಕೊಟ್ಟ ಪೆನ್ನಿನ ಸ್ಟ್ಯಾಂಡು. ಅಯ್ಯನವರು ಚಹಾ ತರಿಸಿದರು, ಮಗಳಂತೆ ಕೂರಿಸಿ ಬೆಣ್ಣೆಯಂಥ ಮಾತಾಡಿದರು. ದೇವರಿಗೆ ಎಲ್ಲರ ಹೆಸರೂ ಗೊತ್ತಮ್ಮ, ಓದಿದರೂ ಓದದಿದ್ದರೂ ಅವನು ಕಾಪಾಡುತ್ತಾನೆ ಎಂದರು. ಹಾಗಾದರೆ ಕಂಟ್ರಾಕ್ಟರ್ ಹೆಸರು ಯಾಕೆ ಓದಿಸಿದಿರಿ, ಅದೊಂದು ದೇವರಿಗೆ ಮರೆತುಹೋಗಿತ್ತಾ ಎಂದು ಇವಳು ಕೇಳಿದಳು. ಅಯ್ಯನವರ ಮುಖದ ಬೆಣ್ಣೆ ಅಲ್ಲಿಗೆ ಇಳಿಯಿತು. ಚುನಾವಣೆ ಮುಗಿಯುವವರೆಗೆ ತಾಳ್ಮೆ ಇರಲಿ ಎಂದರು.

“ನಮ್ಮ ತಂಗಿ ಚುನಾವಣೆ ಮುಗಿಯೋವರೆಗೂ ಇರ್ತಾಳೆ ಅಂತ ಡಾಕ್ಟರ್ ಹೇಳಿಲ್ಲ ಅಯ್ಯನವರೇ.”

ಅವರು ಪೆನ್ನಿನ ಸ್ಟ್ಯಾಂಡನ್ನು ತಮ್ಮ ಕಡೆ ಸರಿಸಿಕೊಂಡರು. ಆಮೇಲೆ, ಓದಲು ಇಷ್ಟವಿಲ್ಲದಿದ್ದರೆ ಹೇಳಿ, ಬೇರೆಯವರು ಓದುತ್ತಾರೆ ಎಂದರು. ಓದುತ್ತೇನೆ ಎಂದು ಹೇಳಿ ಅವಳು ಎದ್ದು ಬಂದಳು. ಚಹಾ ಮುಟ್ಟಲಿಲ್ಲ.

ಭಾನುವಾರ ಬಂತು. ಕಂಟ್ರಾಕ್ಟರ್ ಹಿಂಬಾಲಕರೊಡನೆ ಮೊದಲ ಸಾಲಿನಲ್ಲಿ ಕುಳಿತಿದ್ದ. ಪ್ರಸಂಗ ಮುಗಿಯಿತು, ಗಂಡ ಹಾಳೆ ಚಾಚಿದರು. ಮೈಕಮ್ಮ ತೆಗೆದುಕೊಂಡಳು, ಮೈಕಿನ ಮುಂದೆ ನಿಂತಳು, ಹಾಳೆಯನ್ನು ನಾಲ್ಕಾಗಿ ಮಡಿಸಿ ಪಕ್ಕಕ್ಕಿಟ್ಟು ತನ್ನ ನೋಟ್‌ಬುಕ್ ತೆರೆದಳು. ಮೊದಲ ಹೆಸರು, ಎರಡನೆಯದು, ಮೂರನೆಯದು. ಸಭೆಗೆ ಏನೂ ಗೊತ್ತಾಗಲಿಲ್ಲ, ಎಂದಿನಂತೆ ‘ಕರ್ತನೇ, ಕರುಣಿಸು’ ಎನ್ನುತ್ತ ಹೋಯಿತು. ಆರನೆಯ ಹೆಸರು ತಂಗಿಯದು. ಅದರ ಮೊದಲರ್ಧ ಗೋಪುರದಿಂದ ಬೀದಿಗೆ ಹೋಯಿತು. ಅಷ್ಟರಲ್ಲಿ ಟಪ್ ಎಂದಿತು, ಮೈಕು ಸತ್ತಿತು.

ಅವಳು ತಲೆಯೆತ್ತಿ ನೋಡಿದಳು. ಗಂಡನ ಕೈ ಸ್ವಿಚ್ಚಿನ ಮೇಲಿತ್ತು. ಕಣ್ಣು ನೆಲದ ಮೇಲಿತ್ತು.

ಅರ್ಧ ಹೆಸರು ಕೇಳಿಸಿಕೊಂಡು ಅಲ್ಲಿ ತಂಗಿ ಕಿಟಕಿಗೆ ಕಿವಿ ಹಚ್ಚಿ ಕುಳಿತಿದ್ದಾಳೆ ಎನ್ನುವುದೊಂದೇ ಮೈಕಮ್ಮನ ತಲೆಯಲ್ಲಿತ್ತು. ಎರಡು ಮೆಟ್ಟಿಲು ಇಳಿದು ನೆಟ್ಟಗೆ ಆಂಪ್ಲಿಫೈಯರ್ ಹತ್ತಿರ ಹೋದಳು. ಆನ್ ಮಾಡಿ ಎಂದಳು, ಮೆಲ್ಲಗೆ. ಅವರು ಅಯ್ಯನವರ ಕಡೆ ನೋಡಿದರು. ಅಯ್ಯನವರು ಕಂಟ್ರಾಕ್ಟರನ ಕಡೆ ನೋಡಿದರು. ಕೈ ಸ್ವಿಚ್ಚು ಬಿಡಲಿಲ್ಲ. ಮೂವತ್ತು ವರ್ಷದ ಹಿಂದೆ ಮದುವೆಯ ದಿನ ಇದೇ ಪೀಠದ ಮುಂದೆ ಅವಳ ಕೈಗೆ ಕೊಟ್ಟ ಕೈ ಅದು. ಅದಾದ ಮೇಲೆ ನಾಲ್ಕು ಜನರ ಮುಂದೆ ಅವಳು ಅದನ್ನು ಹಿಡಿದದ್ದಿಲ್ಲ. ಇವತ್ತು ಹಿಡಿದಳು. ಬೆರಳು ಬೆರಳಾಗಿ ಬಿಡಿಸಿ, ಎತ್ತಿ ಅವರ ತೊಡೆಯ ಮೇಲಿಟ್ಟಳು. ಸ್ವಿಚ್ಚು ಒತ್ತಿದಳು.

ಮತ್ತೆ ಮೈಕಿಗೆ ಬಂದು ತಂಗಿಯ ಹೆಸರನ್ನು ಪೂರ್ತಿ ಓದಿದಳು. ಒಂದು ಉಸಿರು ಕಾದಳು. ಎರಡು ಉಸಿರು. ಯಾರೂ ತುಟಿ ಪಿಟ್ಟೆನ್ನಲಿಲ್ಲ. ತಂಗಿಯ ಮನೆಯಲ್ಲಿ ಉಂಡವರಿದ್ದರು, ಅವಳ ಕೈಯಲ್ಲಿ ಮಕ್ಕಳ ಅಂಗಿ ಹೊಲಿಸಿಕೊಂಡವರಿದ್ದರು. ಎಲ್ಲರಿಗೂ ತಮ್ಮ ತಮ್ಮ ಪಾದ ನೋಡಿಕೊಳ್ಳುವ ಕೆಲಸ ಬಿದ್ದಿತ್ತು. ಥೂ, ಇವರ ಜನ್ಮಕ್ಕಿಷ್ಟು ಎಂದು ಅವಳ ನಾಲಿಗೆ ತುದಿಗೆ ಬಂತು, ನುಂಗಿಕೊಂಡಳು.

ಪಟ್ಟಿಯ ಏಳನೆಯ ಹೆಸರು ಕಂಟ್ರಾಕ್ಟರನ ತಾಯಿಯದು. ಲಕ್ವ ಹೊಡೆದು ಎರಡು ವರ್ಷದಿಂದ ಮಲಗಿದ್ದ ಮುದುಕಿ. ಬಿಟ್ಟುಬಿಡೋಣವೇ ಎಂಬ ಯೋಚನೆ ಅವಳಿಗೆ ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಆ ತಾಯಿ ಯಾರಿಗೇನು ಮಾಡಿದ್ದಳು? ಅವಳ ಹೆಸರನ್ನೂ ಅಷ್ಟೇ ನಿಧಾನವಾಗಿ, ಅಷ್ಟೇ ಅಕ್ಕರೆಯಿಂದ ಓದಿ ಬಿಡುವು ಕೊಟ್ಟಳು. ‘ಕರ್ತನೇ, ಕರುಣಿಸು’ ಎಂದು ಇಡೀ ಸಭೆ ಒಂದೇ ಬಾಯಲ್ಲಿ ಅಂದಿತು. ಮೊದಲ ಸಾಲಿನಲ್ಲಿ ಮಗನೂ ಅಂದ.

ಮೈಕಮ್ಮ ನೋಟ್‌ಬುಕ್ಕಿನಿಂದ ಕಣ್ಣೆತ್ತಿ ಸಾಲು ಸಾಲಾಗಿ ಎಲ್ಲರ ಮುಖವನ್ನೂ ನೋಡಿದಳು. ಆಮೇಲೆ ತಂಗಿಯ ಹೆಸರನ್ನು ಇನ್ನೊಮ್ಮೆ ಓದಿದಳು.

ಹಿಂದಿನ ಬೆಂಚಿನಿಂದ ಯಾವುದೋ ಮುದುಕನ ಒಡಕು ದನಿ ಮೊದಲು ಎದ್ದಿತು. ಅದರ ಹಿಂದೆ ಡಿಪೋ ಡ್ರೈವರುಗಳ ಮನೆಯ ಹೆಂಗಸರದು. ನಂತರ ನಡುವಿನ ಸಾಲು, ಅದರ ಮುಂದಿನದು. ಈಗಷ್ಟೇ ಆ ಮುದುಕಿಗಾಗಿ ಬಾಯಿ ತೆರೆದವರಿಗೆ ಮತ್ತೆ ಮುಚ್ಚಿಕೊಂಡು ಕೂರಲು ಮುಖವಿರಲಿಲ್ಲ. ಅಯ್ಯನವರೂ ಏನೋ ಗೊಣಗಿದರು. ಆಂಪ್ಲಿಫೈಯರ್ ಪಕ್ಕದ ಕುರ್ಚಿಯೊಂದರಿಂದ ಮಾತ್ರ ಸದ್ದು ಬರಲಿಲ್ಲ. ಯಜಮಾನರು ತೊಡೆಯ ಮೇಲಿದ್ದ ತಮ್ಮ ಕೈಯನ್ನು ನೋಡುತ್ತಿದ್ದರು.

ಅವಳು ಬೇರೆ ಯಾರನ್ನೂ ನೋಡದೆ, ಅವರೊಬ್ಬರ ಕಡೆ ತಿರುಗಿ, ತಂಗಿಯ ಹೆಸರನ್ನು ಮೂರನೇ ಸಲ ಓದಿದಳು. ಓದಿ, ನಿಂತು ಕಾದಳು.