ಮೊಳಕ್ಕೊಂದು ಬೆರಳಿನ ಮಚವೆ

ಮದುವೆಯಾಗಿ ಹದಿನೇಳು ವರ್ಷವಾದರೂ ನಮ್ಮ ಮನೆಯವರ ಮೇಲ್ದುಟಿಯನ್ನು ನಾನು ನೋಡಿರಲಿಲ್ಲ. ಅದರ ಮೇಲೆ ಮೀಸೆ ಇತ್ತು. ಅಂಥಿಂಥ ಮೀಸೆಯಲ್ಲ. ನಮ್ಮ ಬಯಲುಸೀಮೆಯ ಸಿದ್ದಾಪುರದ ಬಜಾರಿನಲ್ಲಿ ನಿಂತು "ಮೀಸಿಯವರ ಅರಿವಿ ಅಂಗಡಿ ಎಲ್ಲೈತಿ?" ಎಂದು ನಮ್ಮ ಬಟ್ಟೆ ಅಂಗಡಿಯನ್ನು ಕೇಳಿದರೆ ಸಾಲಿಗೆ ಹೋಗುವ ಮಕ್ಕಳೂ ಕೈ ತೋರಿಸುತ್ತಿದ್ದರು. ಆ ಮೀಸೆಯನ್ನು ಅವರು ಒಂದು ಆಟಿಕೆಯ ದೋಣಿಯ ಮೇಲೆ ಪಣಕ್ಕಿಟ್ಟರು.

ಆ ವರ್ಷ ಬೇಸಿಗೆಯಲ್ಲಿ ನನ್ನ ತಮ್ಮನ ಮನೆಗೆ ಹೋಗಿದ್ದೆವು. ಅವನಿಗೆ ಹೊನ್ನಾವರದಲ್ಲಿ ನೌಕರಿ. ಅಲ್ಲಿ ಹೊಳೆಯ ದಂಡೆಯ ಉಸುಕಿನಲ್ಲಿ ಹಳೆಯ ಮಚವೆಯೊಂದು ನಿಂತಿತ್ತು. ಮಚವೆ ಎಂದರೆ ಹಂಚು, ಉಪ್ಪು, ತೆಂಗಿನಕಾಯಿ ಹೊತ್ತು ಸಮುದ್ರದ ಮೇಲೆ ಓಡಾಡುತ್ತಿದ್ದ ಮರದ ಹಾಯಿದೋಣಿ. ಹುಟ್ಟಿದಾಗಿನಿಂದ ಬುಟ್ಟಿಯಂಥ ದುಂಡನೆಯ ಹರಗೋಲು ಬಿಟ್ಟು ಬೇರೆ ದೋಣಿ ಕಾಣದ ನಮ್ಮವರು ಅದರ ಸುತ್ತ ಪ್ರದಕ್ಷಿಣೆ ಹಾಕಿದರು. ಆಮೇಲೆ ತೋಳು ಮಡಚಿ, ಮೊಳ ಹಾಕತೊಡಗಿದರು. ಮೀನು ಒಣಗಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡಿದರು.

"ಮಾಮಾ, ಅದೇನು ಧೋತರ ಏನ್ರಿ, ಮೊಳ ಹಾಕಾಕ?" ಎಂದ ನನ್ನ ತಮ್ಮ.

"ಇಂಥಾದ್ದ ಸಣ್ಣದೊಂದು ಕಟ್ಟತೀನಿ."

"ಕಾಲುವಿ ನೀರು ಕುಡಿಯೋ ಮಂದಿ ನೀವು! ಮಚವಿ ಕಟ್ಟತೀರಿ? ನೀರಾಗ ಬಿಟ್ರ ಒಳಕಲ್ಲಿನಂಗ ತಳಾ ಕಾಣತೈತಿ."

ನಮ್ಮವರು ಮೀಸೆಗೆ ಕೈ ಹಚ್ಚಿದರು. "ನಾಗರ ಪಂಚಮಿಗೆ ನಿಮ್ಮ ಅಕ್ಕನ್ನ ತವರಿಗೆ ಕರಿಯಾಕ ಬರ್ತಿಯಲ್ಲ, ಬಾ. ಈ ದಂಡಿಯಿಂದ ಆ ದಂಡಿಗೆ ಕಾಲುವಿ ದಾಟಿಸ್ತೀನಿ. ದಾಟಲಿಲ್ಲಂದ್ರ ಇದನ್ನ ಬೋಳಿಸ್ತೀನಿ."

"ದಾಟಿದ್ರ ನಾ ಈ ಪಂಚಮಿಗೆ ಉಂಡಿ ಡಬ್ಬಿ ಮುಟ್ಟೂದಿಲ್ಲ, ಹೋಗ್ರಿ."

ಸಿಹಿ ಉಂಡೆಯೆಂದರೆ ಪ್ರಾಣ ಬಿಡುವ ನನ್ನ ತಮ್ಮನನ್ನು ಬಲ್ಲವರಿಗೆ ಇದು ಮೀಸೆಗಿಂತ ಸಣ್ಣ ಪಣವಲ್ಲವೆಂದು ಗೊತ್ತು. ನೀನು ಯಾರ ಕಡೆ ಎಂದು ನನ್ನನ್ನು ಇಬ್ಬರೂ ಕೇಳಲಿಲ್ಲ. ಕೇಳಿದ್ದರೆ ತೊಂದರೆಯಾಗುತ್ತಿತ್ತು. ನನಗೆ ದೋಣಿ ದಾಟಬೇಕಿತ್ತು, ಮೀಸೆಯ ಕೆಳಗೆ ಏನಿದೆಯೆಂದು ನೋಡಲೂ ಬೇಕಿತ್ತು.

ಊರಿಗೆ ಬಂದವರೇ ಲೆಕ್ಕ ಹಾಕಿದರು: ದೊಡ್ಡ ಮಚವೆಯ ಒಂದು ಮೊಳಕ್ಕೆ ನಮ್ಮದರಲ್ಲಿ ಒಂದು ಬೆರಳಿನ ಅಗಲ. ಹಣ್ಣಿನ ಅಂಗಡಿಯಿಂದ ಸೇಬಿನ ಪೆಟ್ಟಿಗೆ ತಂದು ಅದರ ಹಲಗೆಯನ್ನು ಸೀಳಿ ಪಟ್ಟಿ ಮಾಡಿದೆವು. ಪಟ್ಟಿ ಬಾಗಬೇಕಲ್ಲ, ಇಡ್ಲಿ ಪಾತ್ರೆಯಲ್ಲಿಟ್ಟು ಉಗಿ ಹಾಯಿಸಿದೆ. ಒಂದು ವಾರ ನಮ್ಮ ಇಡ್ಲಿಗೆ ಸಾಮಿಲ್ಲಿನ ವಾಸನೆ. ಪಟ್ಟಿಗಳ ಸಂದಿಗೆ ದೇವರ ದೀಪಕ್ಕೆ ಹೊಸೆದ ಬತ್ತಿ ತುರುಕಿ, ಮೇಲೆ ಮೇಣ ಕಾಸಿ ಹೊಯ್ದೆ. ಹಾಯಿಗೆ ಅಂಗಡಿಯ ಹೊಸ ಬಟ್ಟೆಯ ತಾನು ಹರಿಯಲು ಅವರಿಗೆ ಮನಸ್ಸಾಗಲಿಲ್ಲ. ಹಾಗಾಗಿ ನಾನು ಅವರ ಧೋತರವನ್ನೇ ಹರಿದು ಗಂಜಿ ಹಾಕಿದೆ.

"ಅದು ಇನ್ನೂ ಉಡೂದಿತ್ತಲ್ಲೇ!"

"ಉಟ್ಟವರಿಗಿಂತ ಹಾಯಿಗೇ ಛಲೋ ಒಪ್ಪತೈತಿ, ಬಿಡ್ರಿ."

ಪಡಸಾಲೆಯ ಮಂಚದ ಮೇಲಿಂದ ನಮ್ಮತ್ತೆ ದಿನವೂ ಉಸ್ತುವಾರಿ ಮಾಡುತ್ತಿದ್ದರು. "ಎತ್ತಿಲ್ಲದಾವ ಬಂಡಿ ಕಟ್ಟಿದಂಗಾತು. ಗಂಡಗ ಹುಚ್ಚು ಹಿಡದ್ರ ಹೆಂಡತಿ ಬಿಡಸಬೇಕು. ಈಕಿ ನೋಡಿದ್ರ ಮೇಣಾ ಕಾಸಾಕತ್ಯಾಳ."

ನಮ್ಮವರು ಅಂಗಡಿ ಮುಚ್ಚಿ ಬಂದ ಮೇಲೆ ಸಂಜೆ ಎಡಮಗ್ಗುಲು ಕಟ್ಟುತ್ತಿದ್ದರು. ನಾನು ಊಟದ ಪಾತ್ರೆ ತೊಳೆದಾದ ಮೇಲೆ ಮಧ್ಯಾಹ್ನ ಬಲಮಗ್ಗುಲು ಕಟ್ಟುತ್ತಿದ್ದೆ. ಹಾಯಿಕಂಬ ನಿಲ್ಲಿಸುವ ದಿನ ಅದನ್ನು ಎದುರಿಗೆ ಇಟ್ಟು ನೋಡಿದರೆ ಎಡಗಡೆ ಹೊಟ್ಟೆ ಉಬ್ಬಿತ್ತು, ಬಲಗಡೆ ಅಷ್ಟು ಉಬ್ಬಿರಲಿಲ್ಲ. ಒಂದೇ ಬಗಲಲ್ಲಿ ಕೊಡ ಹೊತ್ತವಳು ನಿಂತ ಹಾಗಿತ್ತು ನಮ್ಮ ಮಚವೆ.

"ನೀ ಬೆರಳು ಬಿಟ್ಟು ಅಳದೀ ಏನು?" ಎಂದರು.

"ಎಣಿಸೇ ಅಳದೀನ್ರಿ. ಎಲ್ಲಿ, ನಿಮ್ಮ ಕೈ ತೋರಸ್ರಿ."

ಇಬ್ಬರೂ ಕೈ ಮುಂದೆ ಮಾಡಿದೆವು. ಅವರದು ಬಾಳೆಹಣ್ಣಿನಂಥ ಬೆರಳು, ನನ್ನದು ಬೆಂಡೆಕಾಯಿ. ಮಂಚದ ಮೇಲಿನವರು ನಕ್ಕ ನಗೆಗೆ ಮಂಚವೂ ಕಿರ್ರೆಂದಿತು. ಬಿಚ್ಚಿ ಕಟ್ಟಲು ವೇಳೆಯಿರಲಿಲ್ಲ, ಪಂಚಮಿ ಹತ್ತಿರ ಬಂದಿತ್ತು. ಬಲಗಡೆ ಹೊಟ್ಟೆಯೊಳಗೆ ಮುಷ್ಟಿ ಜೋಳ ಸುರಿದು ತೂಕ ಸಮ ಮಾಡಿದೆ. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಬಿಟ್ಟು ನೋಡಿದೆವು, ನೆಟ್ಟಗೆ ತೇಲಿತು. ಅತ್ತಿತ್ತ ತಿರುಗಲು ಆ ತೊಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ತಮ್ಮ ಬಂದ. ಬಂದವನು ಮಚವೆಯನ್ನು ಎತ್ತಿ ನೋಡಿ, "ಅಕ್ಕಾ, ಇದಕ್ಕೆಷ್ಟು ತಿಂಗಳು?" ಎಂದ. ನಮ್ಮವರು ಅದನ್ನು ಅವನ ಕೈಯಿಂದ ಕಿತ್ತುಕೊಂಡು ಕಾಲುವೆಯತ್ತ ನಡೆದರು. ಕಾಲುವೆ ತುಂಬ ಹರಿಯುತ್ತಿತ್ತು, ಶ್ರಾವಣದ ಗಾಳಿ ಧಡಧಡ ಬೀಸುತ್ತಿತ್ತು. ದಂಡೆಯ ಮೇಲೆ ಮುದುಕನೊಬ್ಬ ಬಲೆ ಹರವಿಕೊಂಡು ಕೂತಿದ್ದ. ಹೊಳೆಯಲ್ಲಿ ಹರಗೋಲು ಹಾಕುವವನು. ತಮ್ಮ ತಾನೇ ಅವನನ್ನು ಪಂಚನನ್ನಾಗಿ ಮಾಡಿದ.

"ಅಜ್ಜಾರ, ನೀವು ನೀರಿನ ಮಂದಿ. ಇದು ದಾಟತೋ ಇಲ್ಲೋ, ನೀವು ಹೇಳಿದ್ದ ನ್ಯಾಯ."

ನಮ್ಮವರು ಮಚವೆಯನ್ನು ನೀರಿಗಿಟ್ಟು ಕೈ ಬಿಟ್ಟರು. ಹಾಯಿ ಉಬ್ಬಿತು. ನನ್ನ ಎದೆಯೂ ಉಬ್ಬಿತು. ನಾಲ್ಕು ಮಾರು ನೆಟ್ಟಗೆ ಹೋಯಿತು. ಆಮೇಲೆ ಏನನ್ನೋ ಮರೆತುಬಂದವಳ ಹಾಗೆ ಹೊರಳಿ ನಮ್ಮ ಕಡೆ ಮುಖ ಮಾಡಿತು. ಮತ್ತೆ ಹೊರಳಿತು. ತಿರುಗುತ್ತ, ತಿರುಗುತ್ತ, ನೀರಿನ ಸೆಳವಿಗೆ ಕೆಳಗೆ ಜಾರುತ್ತ, ಗಾಳಿಗೆ ಆಚೆ ಸರಿಯುತ್ತ ಹೊರಟಿತು. ನಾವು ಮೂವರೂ ದಂಡೆಗುಂಟ ಓಡಿದೆವು. ನಮ್ಮವರ ಒಂದು ಕೈ ಮೀಸೆಯನ್ನು ಒತ್ತಿ ಹಿಡಿದಿತ್ತು. ಕೊನೆಗೆ ಆಚೆ ದಂಡೆಯ ಆಪಿನ ಹುಲ್ಲಿಗೆ ಮೂತಿ ತಾಗಿಸಿ ನಿಂತಿತು.

"ದಾಟತು!" ಎಂದರು ಇವರು.

"ಅದು ದಾಟೂದಲ್ರಿ ಮಾಮಾ, ಬುಗುರಿ ಆಡೂದು!"

ಮುದುಕ ಬಲೆ ಕೊಡವಿ ಎದ್ದು ಬಂದ. "ದಾಟೈತಲ್ರಿ."

"ತಿರುಗಿ ತಿರುಗಿ ಹೋತಲ್ರಿ ಅಜ್ಜಾರ!"

"ಮತ್ತ ತಿರುಗದ ಹ್ಯಾಂಗ ದಾಟಬೇಕೋ ತಮ್ಮಾ? ಜೀವನಾ ಪೂರ್ತಿ ನಾ ತಿರುಗೇ ದಾಟೀನಿ. ನೆಟ್ಟಗ ಹೋಗಿದ್ರ ನನಗ ಸಂಶೆ ಬರ್ತಿತ್ತು."

ಅಂದು ರಾತ್ರಿ ಊಟಕ್ಕೆ ತಮ್ಮ ಉಂಡಿ ಡಬ್ಬಿಗೆ ಬೆನ್ನು ಹಾಕಿ ಕೂತ. ಎಳ್ಳುಂಡಿ, ಶೇಂಗಾ ಉಂಡಿ, ರವೆ ಉಂಡಿ ಎಂದು ನಮ್ಮವರು ಒಂದೊಂದರ ಹೆಸರು ಹೇಳಿ ಹೇಳಿ ತಿಂದರು.

ಮರುದಿನ ಬೆಳಿಗ್ಗೆ ನಾನು ತಮ್ಮನ ಜೊತೆ ಕುಕನೂರಿನ ತವರುಮನೆಗೆ ಹೊರಡುವುದಿತ್ತು. ಸೀಟು ಹಿಡಿಯಲು ಅವನು ಮುಂಚೆಯೇ ಬಸ್‌ಸ್ಟ್ಯಾಂಡಿಗೆ ಹೋಗಿದ್ದ. ಇವರು ಕನ್ನಡಿ, ಕತ್ತರಿ ಹಿಡಿದು ಅಂಗಳದಲ್ಲಿ ಕೂತರು. "ಗೆದ್ದ ಮೀಸಿ. ಬಸ್‌ಸ್ಟ್ಯಾಂಡಿಗೆ ಬರಬೇಕಂದ್ರ ಸ್ವಲ್ಪ ಹದಾ ಮಾಡಬೇಕು." ಸ್ವಲ್ಪ ಹೊತ್ತಿಗೆ ಕರೆದರು. "ನೋಡಿಲ್ಲಿ, ಎರಡೂ ಕಡೆ ಸಮಾ ಅದಾವೇನು?"

ನಾನು ಬೆರಳಿಟ್ಟು ನೋಡಿದೆ. "ಎಡಗಡೆ ಒಂದೀಟು ಹೆಚ್ಚಾತು ನೋಡ್ರಿ."

ಕತ್ತರಿಸಿದರು. ಆಮೇಲೆ ತಮ್ಮದೇ ಬೆರಳಿಟ್ಟು ನೋಡಿಕೊಂಡರು. "ಈಗ ಬಲಗಡೆ ಹೆಚ್ಚೈತಿ." ಅದನ್ನೂ ಕತ್ತರಿಸಿದರು. ನಾನು ಮತ್ತೆ ಬೆರಳಿಟ್ಟೆ. ನನ್ನ ಬೆರಳಿಗೆ ಕಂಡದ್ದನ್ನು ನಾನು ಹೇಳಿದೆ, ಅಷ್ಟೇ. ಮಂಚದಿಂದ ನಮ್ಮತ್ತೆ ಎದ್ದು ಬರುವಷ್ಟರಲ್ಲಿ ಸಮ ಆಗಿತ್ತು. ಎರಡೂ ಕಡೆ ಏನೂ ಇರಲಿಲ್ಲ.

ಮೇಲ್ದುಟಿ ತೆಳ್ಳಗೆ, ಬೆಳ್ಳಗೆ, ನಡುವೆ ಸಣ್ಣ ಕುಳಿ. ಚೆನ್ನಾಗಿಯೇ ಇತ್ತು.

"ಅಯ್ಯ ನನ ಕೂಸಽ," ಎಂದು ಅತ್ತೆ ಮಗನ ಕೆನ್ನೆ ಹಿಂಡಿದರು.

ಬಸ್‌ಸ್ಟ್ಯಾಂಡಿಗೆ ಇವರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಬಂದರು. ಹಲ್ಲು ನೋವು ಎಂದು ನಾನೇ ಹೇಳಿದೆ. "ಲವಂಗಾ ಇಟ್ಕೋರಿ ಮಾಮಾ," ಎಂದ ತಮ್ಮ, ಕಿಟಕಿಯಿಂದ ಕನಿಕರಪಟ್ಟು. ಬಸ್ಸು ಅಲುಗಿತು. ಬೀಳ್ಕೊಡಲು ಇವರು ಕೈ ಎತ್ತಿದರು, ಕರವಸ್ತ್ರವಿದ್ದ ಕೈಯನ್ನೇ ಎತ್ತಿದರು.

ತಮ್ಮ ಕಿಟಕಿಯಿಂದ ಕತ್ತು ಚಾಚಿ ಆ ಬೋಳು ತುಟಿ ಮರೆಯಾಗುವವರೆಗೂ ನೋಡಿದ. ಆಮೇಲೆ ನನ್ನ ತೊಡೆಯ ಮೇಲಿದ್ದ ಉಂಡಿಯ ಚೀಲಕ್ಕೆ ಕೈ ಚಾಚಿದ.

"ಅಕ್ಕಾ, ಆ ಡಬ್ಬಿ ತಗಿ."