ಗಚ್ಚಿಯ ಮೇಲಿನ ಕೆಂಪು ಸಮುದ್ರ

ಹೋದ ತಿಂಗಳು ಮನೆಗೆ ಬಣ್ಣ ಹೊಡೆಸಲೆಂದು ಮಗ ಮಂಚದ ಕೆಳಗಿದ್ದ ನನ್ನ ಹಳೆಯ ಕಬ್ಬಿಣದ ಪೆಟ್ಟಿಗೆಯನ್ನು ಹೊರಗೆಳೆದ. ಮುಚ್ಚಳ ತೆಗೆದರೆ ಒಣಗಿದ ಸಿಮೆಂಟಿನ ವಾಸನೆ. ತುಕ್ಕು ಹಿಡಿದ ಕರಣಿ, ರಸಮಟ್ಟ, ಎರಡು ಉಳಿ. ಉಳಿಗೆ ಸುತ್ತಿದ್ದ ಬಟ್ಟೆಯ ಮಡಿಕೆಯಿಂದ ಹೆಬ್ಬೆರಳ ಉಗುರಿನಷ್ಟು ದೊಡ್ಡ ನೀಲಿ ಪಿಂಗಾಣಿ ಚೂರೊಂದು ನೆಲಕ್ಕೆ ಬಿತ್ತು. ಅಂಚಿನಲ್ಲಿ ಕೂದಲೆಳೆಯಂಥ ಚಿನ್ನದ ಗೆರೆ. "ಇದು ಕಸಕ್ಕೆ ಹಾಕಲಾ, ಬಾಬಾ?" ಎಂದ ಮಗ. ಬೇಡಪ್ಪ, ಅದು ಹಡಗು ಎಂದೆ. ಅವನು ನನ್ನ ಮುಖವನ್ನೇ ನೋಡಿದ...

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಇಪ್ಪತ್ತಾರರ ಗೌಂಡಿ. ಬಿಜಾಪುರದ ಕಡೆಯವನು, ಮೂರನೇ ಇಯತ್ತೆಯಲ್ಲೇ ಪಾಟಿ ಕೆಳಗಿಟ್ಟು ಅಪ್ಪನ ಹಿಂದೆ ಕಲ್ಲು ಹೊರಲು ಹೋದವನು. ಓದಲಿಲ್ಲವೆಂಬ ಕೊರಗನ್ನು ಯಾರಿಗೂ ತೋರಿಸಿದವನಲ್ಲ. ನಾನು ಹಾಕಿದ ಗಚ್ಚಿ ಸೋರಿದ್ದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ, ಅದು ನಿಜವೂ ಆಗಿತ್ತು. ಮುಂಬಯಿಯ ಮಳೆಗೆ ಬಿಲ್ಡಿಂಗಿನ ತಲೆಯ ಮೇಲಿನ ತಾರಸಿ ಕಾಯುವುದು ಒಂದು ದೊಡ್ಡ ಕೆಲಸ. ಇಟ್ಟಿಗೆ ಚೂರು ಹಾಸಿ, ಇಳಿಜಾರು ಕೊಟ್ಟು ಸಿಮೆಂಟ್ ಎಳೆದು, ಅದರ ಮೇಲೆ ಒಡೆದ ಬಿಳಿ ಪಿಂಗಾಣಿ ಚೂರುಗಳನ್ನು ಒತ್ತಿ, ಸಂದಿಗಳಿಗೆಲ್ಲ ಬಿಳಿ ಸಿಮೆಂಟ್ ತುಂಬಬೇಕು. ಸಂದಿ ಕಂಡರೆ ಗೌಂಡಿಗೆ ನಿದ್ದೆ ಬರಬಾರದು. ನನ್ನಪ್ಪ ನನಗೆ ಕಲಿಸಿದ್ದು ಇಷ್ಟೇ.

ಜೋಗೇಶ್ವರಿಯ ಎರಡು ಮಾಳಿಗೆಯ ಒಂದು ಬಿಲ್ಡಿಂಗಿನ ಗಚ್ಚಿ ಆ ವರ್ಷ ನನ್ನ ಪಾಲಿಗೆ ಬಂದಿತ್ತು. ಅದರ ಕೆಳಗಿನ ಕೊನೆಯ ಖೋಲಿಯಲ್ಲಿ ಅವರಿದ್ದರು. ಮಂಗಳೂರಿನ ಕ್ರಿಶ್ಚಿಯನ್ ಹೆಣ್ಣುಮಗಳು, ಎಲ್ಲರೂ ಕರೆಯುತ್ತಿದ್ದದ್ದು ಬರೀ 'ಬಾಯಿ' ಎಂದು. ಗಂಡ ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದು ವರ್ಷಕ್ಕೊಮ್ಮೆ ಬರುತ್ತಿದ್ದರು. ಮಕ್ಕಳು ಮೂವರು: ಒಂಬತ್ತರ ಹುಡುಗಿ, ಏಳರ ಹುಡುಗ, ಐದರ ಪುಟ್ಟಿ. ಮೂವರನ್ನೂ ಬಾಯಿ ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿದ್ದರು. ಕೆಳಗಿನ ಖೋಲಿಗಳವರು ಇದಕ್ಕೆ ಮುಸಿಮುಸಿ ನಗುತ್ತಿದ್ದರು.

ಕೆಲಸ ಶುರುವಾದ ಎರಡನೇ ದಿನ ನನ್ನ ಇಟ್ಟಿಗೆಗಳು ಮಾಯವಾಗತೊಡಗಿದವು. ಕೆಂಪು ಪುಡಿಯ ಜಾಡು ಹಿಡಿದು ಇಳಿದರೆ ಅದು ಸೀದಾ ಬಾಯಿಯ ಹೊಸ್ತಿಲಿಗೆ ಹೋಗಿತ್ತು. ಒಳಗೆ ನಡುಮನೆಯಲ್ಲಿ ನನ್ನ ಇಟ್ಟಿಗೆ ತುಂಡುಗಳ ಗೋಪುರ. ಸುತ್ತ ತಲೆಗೆ ಟವೆಲು ಕಟ್ಟಿಕೊಂಡ ಮೂವರು.

"ಯಾರಪ್ಪಂದು ಅಂತ ತಂದೀರಿ ಇವನ್ನ?" ಎಂದೆ.

"ಫರೋಹ ರಾಜಂದು," ಎಂದಳು ಪುಟ್ಟಿ. "ಈ ವಾರ ಈಜಿಪ್ಟ್."

ಬಾಯಿ ಒಲೆಯ ಮುಂದಿನಿಂದ ಎದ್ದು ಬಂದರು. ಮನೆಮಾತು ಕೊಂಕಣಿ, ಪಾಠಕ್ಕೂ ನನ್ನ ಹತ್ತಿರವೂ ಕನ್ನಡ. "ಬೇಜಾರು ಮಾಡ್ಬೇಡಿ ಮೇಸ್ತ್ರಿ, ಸಂಜೆ ವಾಪಸ್ ಇಡ್ತಾರೆ. ವಾರಕ್ಕೊಂದು ದೇಶ ನಮ್ಮದು. ಸೋಮವಾರ ಆ ದೇಶಕ್ಕಾಗಿ ಪ್ರಾರ್ಥನೆ, ಮಂಗಳವಾರ ನಕ್ಷೆ, ಬುಧವಾರ ಕಟ್ಟುವುದು. ನೀವು ಬಂದದ್ದು ಬುಧವಾರ."

ಬಯ್ಯಲು ಹೋದವನಿಗೆ ಆ ಗೋಪುರ ನೋಡಿ ತಡೆಯಲಾಗಲಿಲ್ಲ. "ಇದು ನಿಲ್ಲೂದಿಲ್ರೀ ಬಾಯಿ. ಸಂದಿ ಮ್ಯಾಲೆ ಸಂದಿ ಬಂದೈತಿ. ಫರೋಹ ಒಳಗ ಹೊಕ್ಕರ ತಲಿ ಮ್ಯಾಲೆ ಬೀಳ್ತೈತಿ," ಎಂದು ನೆಲದ ಮೇಲೆ ಕೂತೇಬಿಟ್ಟೆ. ಎಲ್ಲ ಕೆಡವಿ ಮತ್ತೆ ಕಟ್ಟಿಸಿದೆ. ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಂದಿನಿಂದ ಆ ಮನೆಯಲ್ಲಿ ನಾನು ಗೌಂಡಿ ಮಾಮ.

ಬಾಯಿ ಮದುವೆಗೆ ಮೊದಲು ಶಾಲೆಯಲ್ಲಿ ಕಲಿಸಿದವರು. "ಅರವತ್ತು ಮಕ್ಕಳು ಒಟ್ಟಿಗೆ ಕೂಗಿ ರಾಜಧಾನಿಗಳ ಹೆಸರು ಹೇಳ್ತಿದ್ರು. ಸಮುದ್ರ ಯಾವ ಕಡೆ ಅಂತ ಕೇಳಿದ್ರೆ ಒಬ್ಬನೂ ಕೈ ತೋರಿಸ್ತಿರ್ಲಿಲ್ಲ. ದೇವರು ಮಾಡಿದ ಲೋಕ ಮೊದಲು ನೋಡ್ಲಿ, ಪರೀಕ್ಷೆ ಆಮೇಲೆ," ಎನ್ನುತ್ತಿದ್ದರು. ಜಪಾನಿನ ವಾರ ಮೂವರೂ ಪೊರಕೆಯ ಕಡ್ಡಿಗಳನ್ನು ತೊಳೆದು ಅವುಗಳಲ್ಲೇ ಗಂಜಿ ತಿನ್ನಲು ಹೆಣಗಿದರು. ಬ್ರೆಜಿಲಿನ ವಾರ ಮನೆಯೆಲ್ಲ ಕಾಫಿಯ ಘಮ. ಮಕ್ಕಳ ಅಪ್ಪ ಹಡಗಿನಿಂದ ಬರೆದ ಕಾಗದಗಳಿಂದ ಕಿತ್ತ ಅಂಚೆಚೀಟಿಗಳು ಆಯಾ ದೇಶದ ಪುಟಕ್ಕೆ ಅಂಟುತ್ತಿದ್ದವು. ಮಧ್ಯಾಹ್ನ ಬುತ್ತಿ ಬಿಚ್ಚಲು ನಾನು ಅವರ ಬಾಗಿಲ ಬಳಿಯ ಮೆಟ್ಟಿಲನ್ನೇ ಹುಡುಕಿಕೊಂಡೆ. ನೆರಳಿಗೆ ಎಂದು ಹೇಳಿಕೊಂಡೆ. ನಿಜವೆಂದರೆ ಇವತ್ತು ಯಾವ ದೇಶ ಎಂದು ಕಿವಿ ಕಾಯುತ್ತಿತ್ತು.

ಒಮ್ಮೆ ಹುಡುಗ ನನ್ನ ಊರಿಗೆ ಹೇಗೆ ಹೋಗುವುದೆಂದು ಕೇಳಿದ. ರೈಲು ಹತ್ತಬೇಕು, ಬದಲಿಸಬೇಕು, ಆಮೇಲೆ ಬಸ್ಸು, ಆಮೇಲೆ ಎರಡು ಹರದಾರಿ ನಡಿಗೆ ಎಂದೆ. "ಅಷ್ಟು ದೂರ ಉಂಟಾದ್ರೆ ಅದೂ ದೇಶವೇ," ಎಂದು ತೀರ್ಪು ಕೊಟ್ಟ. ಮರುವಾರ ನನ್ನ ಊರೇ ದೇಶವಾಯಿತು. ಮಕ್ಕಳಿಗೆ ಜೋಳದ ರೊಟ್ಟಿ ತಟ್ಟಲು ಕಲಿಸಿದೆ, ಹಗೇವು ಎಂದರೆ ನೆಲದೊಳಗಿನ ಕಣಜ ಎಂದು ಹೇಳಿದೆ, ಹುಡುಗಿ ಅದರ ಚಿತ್ರ ಬರೆದಳು. ಆ ಸೋಮವಾರ ಬೆಳಿಗ್ಗೆ ಬಾಗಿಲಾಚೆ ನಿಂತಿದ್ದೆ. ಯೇಸುವಿನ ಪಟದ ಮುಂದೆ ಮೂರು ಮಕ್ಕಳು ಕೈ ಜೋಡಿಸಿ ನನ್ನೂರ ಹೆಸರು ಹೇಳಿ, ಅಲ್ಲಿಯ ಬಾವಿಗೆ ನೀರು ಕೊಡು, ಗೌಂಡಿ ಮಾಮನ ಅವ್ವನ ಮಂಡಿನೋವು ವಾಸಿಮಾಡು ಎಂದು ಬೇಡಿದರು. ನನ್ನ ಅವ್ವನ ಮಂಡಿಯ ಸುದ್ದಿ ಅಷ್ಟು ಎತ್ತರಕ್ಕೆ ಹಿಂದೆಂದೂ ಹೋಗಿರಲಿಲ್ಲ... ಮೇಲೆ ಹೋಗಿ ಸಿಮೆಂಟ್ ಕಲಸಿದೆ.

ಅದೇ ವಾರ ಮಂಗಳೂರಿನಿಂದ ಕಾಗದ ಬಂತು. ಬರೆದವರು ಮಕ್ಕಳ ದೊಡ್ಡಪ್ಪ, ಆ ಮನೆತನದ ಹಿರಿಯರು. ಈಸ್ಟರ್ ಮುಗಿದ ಮೇಲೆ ಬರುತ್ತೇನೆ, ಮಕ್ಕಳನ್ನು ನಾನೇ ಪರೀಕ್ಷೆ ಮಾಡುತ್ತೇನೆ, ಸರಿ ಕಾಣದಿದ್ದರೆ ಮೂವರನ್ನೂ ಕರೆತಂದು ಜೂನಿನಲ್ಲಿ ಇಲ್ಲಿಯ ಬೋರ್ಡಿಂಗಿಗೆ ಸೇರಿಸುತ್ತೇನೆ, ತಮ್ಮನೂ ಹಡಗಿನಿಂದ ಒಪ್ಪಿಗೆ ಬರೆದಿದ್ದಾನೆ ಎಂದು. ಬಾಯಿ ನನಗೆ ಇಷ್ಟು ಹೇಳಿ ಕಾಗದ ಮಡಿಸಿದರು. "ಮೂವರನ್ನೂ," ಎಂದರು ಮತ್ತೊಮ್ಮೆ.

ಮರುದಿನ ಗಚ್ಚಿ ಹತ್ತಿ ಬಂದರು. "ಮೇಸ್ತ್ರಿ, ನಿಮ್ಮ ಚೂರುಗಳಲ್ಲಿ ಇಡೀ ಲೋಕ ಕೂರಿಸ್ಲಿಕ್ಕೆ ಆಗ್ತದಾ? ಗೋಡೆಯ ನಕ್ಷೆ ಸಣ್ಣದು. ಇವರು ನಡೆದು ಕಲಿಯುವವರು."

ಆಗುವುದಿಲ್ಲ ಎಂಬ ಮಾತು ನನ್ನ ಬಾಯಲ್ಲಿ ಬರುವುದು ಸುಲಭವಲ್ಲ. ಬಿಲ್ಡಿಂಗಿನ ಮಾಲೀಕ ಸೇಠನನ್ನು ಕೇಳಿದೆ. "ಪಾನೀ ನಹೀಂ ಟಪಕನಾ ಚಾಹಿಯೇ, ಫಿರ್ ಚಾಂದ್ ಭೀ ಬನಾ," ಎಂದ. ನೀರು ತೊಟ್ಟಿಕ್ಕದಿದ್ದರೆ ಅವನಿಗೆ ಚಂದ್ರನಾದರೂ ಸರಿಯೇ.

ಎಂಥ ದಿನಗಳವು... ಸಮುದ್ರಕ್ಕೆ ಬಿಳಿ ಚೂರು ಇದ್ದೇ ಇತ್ತು, ನೆಲಕ್ಕೆ ಬಣ್ಣ ಬೇಕಿತ್ತು. ಸ್ಟೇಷನ್ ಬಳಿಯ ಉಡುಪಿ ಹೋಟೆಲಿನವರು ಒಡೆದ ಚಹಾ ಕಪ್ಪು-ಬಸಿಗಳನ್ನು ಗೋಣಿಯಲ್ಲಿ ಕೊಟ್ಟರು. ಬಾಯಿ ಪ್ರಾರ್ಥನೆಗೆ ಹೋಗುತ್ತಿದ್ದ ಇಗರ್ಜಿಯ ಹೆಂಗಸರು ಬಿರುಕುಬಿಟ್ಟ ತಟ್ಟೆ ತಂದರು. ನಗುತ್ತಿದ್ದ ಕೆಳಗಿನ ಖೋಲಿಗಳಿಂದಲೂ ಉಪ್ಪಿನಕಾಯಿ ಜಾಡಿಯ ಚೂರುಗಳು ಮೇಲೆ ಹತ್ತಿ ಬಂದವು. ಆಸ್ಟ್ರೇಲಿಯಾ ಪೂರ್ತಿ ಅವುಗಳದೇ. ದಾರ ಕಟ್ಟಿ ಗಚ್ಚಿಯನ್ನು ಚೌಕ ಚೌಕ ಮಾಡಿದೆ, ಬಾಯಿ ನಕ್ಷೆಯ ಮೇಲೆ ಅಷ್ಟೇ ಚೌಕ ಎಳೆದು ಪ್ರತಿ ದೇಶದ ಹೆಸರನ್ನು ಕನ್ನಡದಲ್ಲಿ ಬರೆದುಕೊಟ್ಟರು. ಮರೆತೇಹೋಗಿದ್ದ ಅಕ್ಷರಗಳನ್ನು ಮಂಡಿಯೂರಿ, ತುಟಿ ಅಲುಗಿಸಿ ಓದುತ್ತ ಒತ್ತುತ್ತ ಹೋದೆ: ಪೆ-ರು, ಚಿ-ಲಿ. ಹಡಗಿಗೆಂದು ಬಾಯಿ ತಮ್ಮ ಮದುವೆಯ ನೀಲಿ ಬಸಿಯನ್ನು ತಂದು ನನ್ನೆದುರೇ ಒಡೆಸಿದರು. ಅದರ ಒಂದು ಚೂರನ್ನು ಅಂಟಿಸಲಿಲ್ಲ. ಅಪ್ಪನ ಕಾಗದ ಬಂದಾಗಲೆಲ್ಲ ಮಕ್ಕಳು ಅದನ್ನು ಒಂದು ಬಂದರಿನಿಂದ ಇನ್ನೊಂದಕ್ಕೆ ಸರಿಸಬೇಕಿತ್ತು.

ದೊಡ್ಡಪ್ಪ ಬಂದ ದಿನ ನಾನು ಗಚ್ಚಿಯ ಮೂಲೆಯಲ್ಲಿ ಸಿಮೆಂಟ್ ಬಾಂಡ್ಲಿ ತೊಳೆಯುತ್ತಿದ್ದೆ. ಬಿಳಿ ಪ್ಯಾಂಟು, ಕೈಯಲ್ಲಿ ಕೊಡೆ, ಅಂಗಿಯ ಜೇಬಿನಲ್ಲಿ ಮಂಗಳೂರು ಬಸ್ಸಿನ ನಾಲ್ಕು ಟಿಕೆಟು ಹೊರಗೇ ಕಾಣುತ್ತಿದ್ದವು. ಲೋಕದ ಸುತ್ತ ಒಂದು ಸುತ್ತು ಬಂದರು. ನನಗೆ ಹೆಮ್ಮೆಯಿಂದ ಎದೆ ಹಿಗ್ಗಿತ್ತು. ಆಫ್ರಿಕಾದ ಮೇಲೆ ನಿಂತು ಕೊಡೆಯ ತುದಿ ಊರಿದರು.

"ಇದೆಂತದು? ಈಜಿಪ್ಟಿಂದ ಅರೇಬಿಯಾಕ್ಕೆ ಕಾಲು ಒದ್ದೆಯಾಗದೆ ಹೋಗ್ಬಹುದಲ್ಲ. ಕೆಂಪು ಸಮುದ್ರ ಎಲ್ಲಿ?"

ನನಗೆ ಆಗ ಹೊಳೆಯಿತು. ಎರಡು ಬಣ್ಣಗಳ ನಡುವೆ ಬೆರಳಗಲದ ಸಂದಿ ಕಂಡಲ್ಲೆಲ್ಲ ನನ್ನ ಕೈ ಬಣ್ಣದ ಚೂರುಗಳನ್ನು ಒತ್ತಿ ಒಂದಕ್ಕೊಂದು ಕೂಡಿಸಿತ್ತು. ನಕ್ಷೆಯಲ್ಲಿ ಅದು ಸಮುದ್ರ. ನನಗೆ ಸೋರುವ ಬಿರುಕು. ನನ್ನ ಕೈಯಿಂದಲೇ ಬಾಯಿಯ ಮನೆ ಬರಿದಾಗುತ್ತದೆ ಎನ್ನಿಸಿತು.

"ಅದು ಇತ್ತು ದೊಡ್ಡಪ್ಪ," ಎಂದ ಹುಡುಗ ನಿಧಾನಕ್ಕೆ. "ಗೌಂಡಿ ಮಾಮ ಮುಚ್ಚಿದ್ದು. ಸಂದಿ ಬಿಟ್ರೆ ಮಳೆಗೆ ಸೋರ್ತದಲ್ಲ."

"ಇಲ್ಲೂ ಮುಚ್ಚಿದ್ದಾರೆ," ಎನ್ನುತ್ತ ಹುಡುಗಿ ಓಡಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಒಂದೊಂದು ಕಾಲಿಟ್ಟು ನಿಂತಳು. ಅಲ್ಲಿಂದ ಲಂಕೆಗೆ ಹಾರಿದಳು. "ಒಟ್ಟು ಐದು ಸಮುದ್ರ. ಹೋದ ವಾರದ ಪಾಠವೇ ಅದು."

"ಅಪ್ಪನ ಹಡಗಿಗೆ ತೊಂದ್ರೆ ಇಲ್ಲ," ಎಂದು ಹುಡುಗ ಮುಂದುವರಿಸಿದ. "ಮಾಮ ಮುಚ್ಚುವ ಮೊದಲೇ ಯುದ್ಧ ಆಗಿ ಸುಯೆಜ್ ಕಾಲುವೆ ಬಂದ್ ಆಗಿದೆ. ಅಪ್ಪ ಆಫ್ರಿಕಾ ಸುತ್ತಿ ಹೋಗೋದು." ಬಗ್ಗಿ ನೀಲಿ ಚೂರನ್ನು ತೋರಿಸಿದ. ಅದು ಆಫ್ರಿಕಾದ ಕೆಳತುದಿಯಲ್ಲಿತ್ತು.

"ಬೈಬಲಿನ ಮೋಶೆಗೆ ಮಾತ್ರ ಕೆಲಸ ಇಲ್ಲ," ಎಂದಳು ಪುಟ್ಟಿ. "ಕೋಲು ಎತ್ತಿ ಸಮುದ್ರ ಎರಡು ಭಾಗ ಮಾಡೋದೇ ಬೇಡ, ಸುಮ್ಮನೆ ನಡ್ಕೊಂಡು ಹೋಗೋದು."

ದೊಡ್ಡಪ್ಪನ ಮುಖ ಬಿಗಿಯಾಗಿರಲು ನೋಡಿತು, ಆಗಲಿಲ್ಲ. ಕೊಡೆಗೆ ಒರಗಿ ನಕ್ಕರು. ಆಮೇಲೆ ಲೆಕ್ಕ ಕೇಳಿದರು, ಕನ್ನಡ ಓದಿಸಿದರು, ಆದರೆ ಪರೀಕ್ಷೆ ಅಲ್ಲಿಗೇ ಮುಗಿದಿತ್ತು. ಸಂಜೆ ಮೂರು ಟಿಕೆಟು ಮಕ್ಕಳ ಕೈಗೆ ಕೊಟ್ಟು, ನಿಮ್ಮ ಪುಸ್ತಕಕ್ಕೆ ಅಂಟಿಸಿಕೊಳ್ಳಿ ಎಂದರು.

ಬಾಯಿಗೆ ಮೊದಲೇ ತಿಳಿದಿತ್ತು. ನನ್ನ ತಪ್ಪನ್ನು ನನಗೆ ಹೇಳದೆ ಮಕ್ಕಳಿಗೆ ಪಾಠ ಮಾಡಿದ್ದರು. ನನಗೆ ನಾಚಿಕೆಯೋ ಸಿಟ್ಟೋ... ಉಳಿ ತೆಗೆದುಕೊಂಡೆ. "ಇರ್ಲಿ ಬಿಡಿ ಮೇಸ್ತ್ರಿ," ಎಂದರು. "ಇಲ್ರೀ ಬಾಯಿ, ಐದೂ ಆಗೂದಿಲ್ಲ, ಮೋಶೆಂದು ಒಂದರ ಬಿಡಿಸಿ ಕೊಡ್ತೀನಿ," ಎಂದೆ. ಗಟ್ಟಿಯಾದ ಗಚ್ಚಿಗೆ ಉಳಿ ಇಡಬಾರದೆಂದು ನಾನೇ ನಾಲ್ಕು ಜನಕ್ಕೆ ಹೇಳಿದವನು. ಆದರೂ ಕೆತ್ತಿ, ಬಿಳಿ ಚೂರು ಕೂರಿಸಿ, ಮತ್ತೆ ಸಿಮೆಂಟ್ ತುಂಬಿದೆ. ಅದು ಒಣಗಿದ ದಿನ ಮಕ್ಕಳು ತಂಬಿಗೆಯಿಂದ ನೀರು ಸುರಿದರು. ಪುಟ್ಟಿ ಪೊರಕೆಯ ಹಿಡಿ ಎತ್ತಿದಳು, ಅಣ್ಣ ಅಕ್ಕ ಈಜಿಪ್ಟಿನಿಂದ ಓಡಿ ದಾಟಿದರು. ನನ್ನನ್ನೂ ದಾಟಿಸಿದರು.

ಎರಡು ವರ್ಷದ ನಂತರ ಮಕ್ಕಳ ಅಪ್ಪ ಹಡಗು ಬಿಟ್ಟು ಆಫ್ರಿಕಾದ ಒಂದು ಬಂದರಿನಲ್ಲಿ ಕೆಲಸ ಹಿಡಿದರು. ಮನೆಮಂದಿಯೆಲ್ಲ ಹೊರಟರು. ಪೆಟ್ಟಿಗೆಗಳಿಗೆ ಹಗ್ಗ ಬಿಗಿಯಲು ಹೋಗಿದ್ದೆ. ಕಪಾಟು ಸರಿಸಿದಾಗ ಅದರ ಹಿಂದೆ ಒಂದು ಬಾಲ್ದಿ. ತಲೆ ಎತ್ತಿದರೆ ಛತ್ತಿನಲ್ಲಿ ಉದ್ದನೆಯ ಕಂದು ಕಲೆ. ಅಳೆಯುವುದೇ ಬೇಕಿರಲಿಲ್ಲ, ಸರಿಯಾಗಿ ಕೆಂಪು ಸಮುದ್ರದ ಕೆಳಗೆ.

"ಯಾವಾಗಿಂದ?" ಎಂದೆ ಹುಡುಗನಿಗೆ.

"ಮೊದಲ ಮಳೆಗಾಲದಿಂದ, ಮಾಮ. ಮಮ್ಮಿ ಹೇಳ್ಬೇಡಿ ಅಂದಿದ್ರು."

ಬಾಯಿ ಗಚ್ಚಿಯ ಮೇಲೆ ಹೋಗಿ ನೀಲಿ ಚೂರನ್ನು ಎತ್ತಿ ತಂದು ನನ್ನ ಕೈಗಿಟ್ಟರು. "ಹಡಗು ಮನೆಗೆ ಬಂತು ಮೇಸ್ತ್ರಿ. ಇನ್ನು ನಿಮ್ಮ ಹತ್ತಿರ ಇರ್ಲಿ."

ಆಫ್ರಿಕಾದಿಂದ ಒಂದು ಕಾಗದ ಬಂತು, ನಾನೇ ಓದಿಕೊಂಡೆ. ಆಮೇಲೆ ಬಹಳ ವರ್ಷಗಳ ಮೇಲೆ ಇಗರ್ಜಿಯ ಪರಿಚಯದವರೊಬ್ಬರು ಬಾಯಿ ಅಲ್ಲೇ ತೀರಿಕೊಂಡರೆಂದು ಹೇಳಿದರು. ಬಿಲ್ಡಿಂಗು ಈಗಿಲ್ಲ, ಆ ಜಾಗದಲ್ಲಿ ಟವರ್ ಎದ್ದಿದೆ. ನನ್ನ ಲೋಕವನ್ನು ಯಾವ ಲಾರಿ ಎಲ್ಲಿ ಸುರಿಯಿತೋ... ಗೋರೆಗಾಂವಿನ ನಮ್ಮ ಮನೆಯ ಕಿಟಕಿಯಲ್ಲಿ ಆ ಚೂರನ್ನು ತೊಳೆದು ಇಟ್ಟಿದ್ದೇನೆ. ನಾನು ಹಾಕಿದ ಗಚ್ಚಿ ಸೋರಿದ್ದಿಲ್ಲ ಎಂದು ಆ ಬಾಲ್ದಿ ಕಂಡ ದಿನದಿಂದ ನಾನು ಯಾರ ಮುಂದೆಯೂ ಹೇಳಿಲ್ಲ. ಬಾಯಿ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅದೇ ದಿನ ಬಂದು ಕೆಂಪು ಸಮುದ್ರವನ್ನು ಮುಚ್ಚಿಬಿಡುತ್ತಿದ್ದೆ. ಮುಚ್ಚಿಬಿಡುತ್ತೇನೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಮಳೆಗಾಲ ಬಂದಾಗಲೆಲ್ಲ ಸುಮ್ಮನೆ ಬಾಲ್ದಿ ಇಟ್ಟುಕೊಂಡರು.