ಸೋಸಿದ ಸಮುದ್ರ

ಚಹಾ ಅಂಗಡಿಯ ಅಕ್ಕ ಗಲ್ಲಾದ ಪಕ್ಕ ಡಬ್ಬಿಯಿಟ್ಟು, ಗಿರಾಕಿಗಳು ಹಾಕಿದ ಚಿಲ್ಲರೆಯಿಂದಲೇ ಶಾಲೆಗೆ ಸೂಕ್ಷ್ಮದರ್ಶಕ ಕೊಡಿಸಿದ್ದಳು. ಕಡಲಿನ ಸೂಕ್ಷ್ಮಜೀವಿಗಳ ಮೊದಲ ಪಾಠಕ್ಕೆ ಸಮುದ್ರದ ನೀರನ್ನೂ ತಾನೇ ತಂದಳು. ಮಕ್ಕಳು ಸರದಿಯಲ್ಲಿ ಬಗ್ಗಿ ನೋಡಿದರು. ಏನೂ ಇಲ್ಲ! ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೇ? ಗಿರಾಕಿಗಳಿಗೆ ಯಾವ ಮುಖ ತೋರಿಸುವುದು?

“ನೀರು ಎಲ್ಲಿಂದ ತಂದ್ರಿ ಅಕ್ಕಾ?” ಎಂದರು ಮೇಷ್ಟ್ರು.

“ದಡದಿಂದಾನೇ. ಮಕ್ಕಳು ನೋಡೋದಲ್ವಾ ಅಂತ ಹೊಸ ಬಟ್ಟೇಲಿ ಎರಡು ಸಲ ಸೋಸಿದೀನಿ.”

ಮೇಷ್ಟ್ರು ಹಣೆ ಚಚ್ಚಿಕೊಂಡು, ಅವಳ ಚೀಲದಲ್ಲಿದ್ದ ಒದ್ದೆ ಬಟ್ಟೆಯನ್ನು ಅದೇ ನೀರಿನಲ್ಲಿ ಅಲುಬಿದರು. ಒಂದು ಹನಿ ಗಾಜಿನ ಮೇಲೆ ಬಿದ್ದದ್ದೇ ತಡ, ನೋಡುತ್ತಿದ್ದ ಹುಡುಗಿ ಕಿರುಚಿದಳು: “ಕುಣೀತಾ ಇದಾವೆ!”

ಅಕ್ಕನಿಗೆ ಹೋದ ಜೀವ ಬಂತು.

“ಇಪ್ಪತ್ತು ವರ್ಷದಿಂದ ಸೋಸ್ತಿದೀನಿ,” ಎಂದಳು, “ಚರಟಕ್ಕೆ ಮರ್ಯಾದೆ ಸಿಕ್ಕಿದ್ದು ಇವತ್ತೇ!”